ಶಿವಯೋಗಪ್ಪ ಬಾಯಿಬಿಟ್ಟ ದಿನ

ಹಿಂದೂಪುರದ ಶಿವಯೋಗಪ್ಪನಿಗೆ ಹುಣಸೆಹಣ್ಣಿನ ವ್ಯಾಪಾರ ಬರೀ ಹೆಸರಿಗೆ. ನಿಜವಾಗಿ ಮಾಡುತ್ತಿದ್ದದ್ದು ಮದುವೆಗೆ ಗಂಡು ಹೆಣ್ಣು ಕೂಡಿಸುವ ಕೆಲಸ. ಹೆಣ್ಣಿನ ಮನೆಗೆ ಹೋಗುವಾಗ ಕೈಯಲ್ಲೊಂದು ಹುಣಸೆಹಣ್ಣಿನ ಚೀಲ ಇರಲೇಬೇಕು. ಬೀದಿಯವರು ಕೇಳಿದರೆ, "ರೇಟು ವಿಚಾರ್ಸೋಕೆ ಬಂದಿದ್ದೆ ಕಣಪ್ಪ" ಅಂದುಬಿಡುವುದು. ಯಾರ ಮನೆಗೆ ಯಾರು ಬಂದು ನೋಡಿದರು, ಯಾರು ಬೇಡವೆಂದರು, ಒಂದೂ ಆ ಬಾಯಿಂದ ಹೊರಬೀಳುತ್ತಿರಲಿಲ್ಲ. ಪಾಪ, ಹೆಂಡತಿ ರಮಾದೇವಿಯೂ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಅದಕ್ಕೇ ಕಲ್ಯಾಣದುರ್ಗದ ಎರ್ರಮ್ಮ ಅವನನ್ನೇ ನಂಬಿದ್ದು. ಮಗಳು ಮೌನಿಕಾಗೆ ವಿಚ್ಛೇದನ ಆಗಿತ್ತು. ಆ ಗಂಡ ರುದ್ರೇಶ್ ಇದ್ದಾನಲ್ಲ, ಹಾಳಾದವನು, ತಾನೂ ಬಾಳಿಸಲಿಲ್ಲ, ಅವಳು ಇನ್ನೊಂದು ಮನೆ ಸೇರುವುದಕ್ಕೂ ಬಿಡಲಿಲ್ಲ. ಎರಡು ಸಂಬಂಧ ಬಂದಿದ್ದವು. ಎರಡೂ ಕಡೆ ಇಲ್ಲಸಲ್ಲದ್ದು ಹೇಳಿ ಕಲ್ಲು ಹಾಕಿ ಬಂದಿದ್ದ.

"ಅಣ್ಣಾ, ಈ ಸಲ ತಾಳಿ ಬೀಳೋವರ್ಗೂ ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು," ಅಂದಿದ್ದಳು ಎರ್ರಮ್ಮ.

ಶಿವಯೋಗಪ್ಪ ಪೆನುಕೊಂಡದ ಸಿದ್ದಲಿಂಗೇಶನನ್ನು ಹುಡುಕಿದ. ಹೆಂಡತಿ ತೀರಿಕೊಂಡವನು, ಒಳ್ಳೇ ಮನುಷ್ಯ. ಅವನನ್ನು ಕರೆದುಕೊಂಡು ಹೋಗಿ ತೋರಿಸಿ, ಎರಡೂ ಕಡೆ ಒಪ್ಪಿಸಿ, ಎರ್ರಮ್ಮ ಮಾಡಿದ ಪಾಯಸ ಉಂಡು ಬಂದ. ಬಂದವನೇ ಜ್ವರ ಹಿಡಿದು ಮಲಗಿದ. ಕೊರೊನಾ.

ಫೋನು ಮಾಡಿದವನು ಮುರಳಿ. ಯಾರ್ಯಾರ ಹತ್ತಿರ ಕೂತಿದ್ದಿರಿ, ಎಲ್ಲೆಲ್ಲಿ ಉಂಡಿರಿ ಅಂತ ಸರ್ಕಾರಿ ಆಸ್ಪತ್ರೆ ಕಡೆಯಿಂದ ರೋಗಿಗಳನ್ನು ವಿಚಾರಿಸುವ ಕೆಲಸ ಅವನದು. ಅವನ ಮದುವೆ ಮಾಡಿಸಿದವನೂ ಶಿವಯೋಗಪ್ಪನೇ.

"ಎಲ್ಲೂ ಹೋಗಿಲ್ಲ ಕಣ್ಲಾ."

"ನಿಜ ಹೇಳಿ ಮಾಮಾ. ಎವರಿಕೀ ಚೆಪ್ಪನು, ಯಾರಿಗೂ ಹೇಳಲ್ಲ. ನನ್ನ ಕಿವಿ ಬಿಟ್ಟು ಆಚೆ ಹೋಗಲ್ಲ."

ಶಿವಯೋಗಪ್ಪ ಒದ್ದಾಡಿಬಿಟ್ಟ. ಎರ್ರಮ್ಮನಿಗೆ ಮೊದಲೇ ಉಬ್ಬಸ. ತನ್ನಿಂದ ಅವಳಿಗೇನಾದರೂ ಆದರೆ? ಟೆಸ್ಟಾದರೂ ಮಾಡಿಸಲಿ ಅಂತ ಎಲ್ಲ ಹೇಳಿದ. ಎರ್ರಮ್ಮನ ಮನೆ, ಫೋನ್ ನಂಬರು, ಜೊತೆಗಿದ್ದ ಗಂಡು ಯಾರು, ಯಾವೂರು. "ಗುಟ್ಟು ಕಣಪ್ಪ, ಹೆಣ್ಣುಮಗಳ ಬಾಳು," ಅಂತ ಕೊನೆಗೆ ಕೈಮುಗಿದು ಹೇಳಿದ.

ಆ ಮಾತೂ ಸೇರಿದ ರೆಕಾರ್ಡಿಂಗು ಮಾರನೆಯ ದಿನ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ರುದ್ರೇಶನ ಕಿವಿಗೂ ಬಿತ್ತು. ಅವನಿಗೆ ಅಷ್ಟೇ ಸಾಕಾಗಿತ್ತು, ಪೆನುಕೊಂಡಕ್ಕೆ ಫೋನು ಹಚ್ಚಿದ. ಸಿದ್ದಲಿಂಗೇಶನ ಮನೆಯವರು, "ಈ ಸಂಬಂಧ ಬೇಡ ಬಿಡಿ," ಅಂದರು.

"ನಂಬಿಸಿ ಕುತ್ತಿಗೆ ಕೊಯ್ದ್ಬುಟ್ಯಲ್ಲೋ!" ಅಂತ ಶಿವಯೋಗಪ್ಪ ಮುರಳಿಗೆ ಫೋನಿನಲ್ಲೇ ಕೂಗಿದ. ಕೆಮ್ಮು ಒತ್ತರಿಸಿ ಬಂತು.

"ಜನ ಹುಷಾರಾಗಿರ್ಲಿ ಅಂತ ನಮ್ಮ ಗ್ರೂಪಿಗೆ ಹಾಕ್ದೆ ಮಾಮಾ. ಅಷ್ಟಕ್ಕೇ ಯಾಕಿಂಗಾಡ್ತೀರಿ?"

ಆಹಾ, ಏನು ಉಪಕಾರ! ಮನೆಮಗನ ಹಾಗೆ ಕಂಡಿದ್ದ ಹುಡುಗ ಹೀಗೆ ಮಾಡಿದನಲ್ಲ ಅಂತ ಶಿವಯೋಗಪ್ಪ ಮಲಗಿದಲ್ಲೇ ಗೋಡೆ ಕಡೆ ತಿರುಗಿ ಅತ್ತ.

ಬಸ್ಸು ಓಡಾಡುವುದಕ್ಕೆ ಶುರುವಾದ ಮೇಲೆ ಕಲ್ಯಾಣದುರ್ಗಕ್ಕೆ ಹೋದ. ನಡೆದದ್ದನ್ನೆಲ್ಲ ಹೇಳಿಕೊಂಡರೆ ಅರ್ಥಮಾಡಿಕೊಂಡಾರು ಅನ್ನುವ ಆಸೆ. ಎರ್ರಮ್ಮ ಹೊರಗೆ ಬರಲಿಲ್ಲ. ಬಾಗಿಲಿಗೆ ಬಂದ ಮೌನಿಕಾ ಕೂತ್ಕೊಳ್ಳಿ ಅನ್ನಲಿಲ್ಲ.

"ಆ ಮುರಳಿ ಮೋಸ ಮಾಡ್ಬುಟ್ಟ ಕಣಮ್ಮ. ಯಾರಿಗೂ ಹೇಳಲ್ಲ ಅಂದಿದ್ದ."

"ನಮಗೂ ಹಂಗೇ ಅಂದ್ರು ದೊಡ್ಡಪ್ಪ. ನೀವು ಮುರಳಿಗೆ ಹೇಳಿದ ದಿನವೇ ಆಸ್ಪತ್ರೆಯವರ ಫೋನ್ ಬಂತು, ಮನೆಗೆ ಯಾರು ಬಂದಿದ್ರು ಅಂತ. ಶಿವಯೋಗಪ್ಪಣ್ಣ ರೋಗ ಹೊತ್ಕೊಂಡು ಬಂದ ಅಂತ ಹೆಸರಾದ್ರೆ ಅವನ್ನ ಇನ್ಯಾರೂ ಮನೆಗೆ ಸೇರಿಸಲ್ಲ, ಬಾಯಿ ಬಿಡಬೇಡ ಅಂದ್ಲು ಅವ್ವ. ಉಸಿರು ಕಟ್ಟಿದ್ರೂ ಟೆಸ್ಟಿಗೆ ಹೋಗ್ಲಿಲ್ಲ. ಯಾರೂ ಬಂದಿಲ್ಲ ಅಂದ್ಬುಟ್ಟೆ."

ಶಿವಯೋಗಪ್ಪ ಒಂದು ಮೆಟ್ಟಿಲು ಕೆಳಗಿಳಿದ.

"ನಾವು ನಿಮ್ಮನ್ನ ಬಿಟ್ಟುಕೊಡ್ಲಿಲ್ಲ ದೊಡ್ಡಪ್ಪ," ಅಂದು ಮೌನಿಕಾ ಬಾಗಿಲು ಹಾಕಿಕೊಂಡಳು.