ಬಣ್ಣ ಬಿಟ್ಟ ಮೀಸೆಮೀನುಗಳು

ತಮ್ಮ ನನ್ನ ಕೈಗೆ ಒಪ್ಪಿಸಿಹೋದ ಮೀನುಗಳನ್ನು ನಾನು ನೋಡಿಕೊಳ್ಳಲಿಲ್ಲ. ಮರೆತಲ್ಲ, ಸಿಟ್ಟಿನಿಂದ.

ಮಡಕಶಿರದ ಕಡೆಯ ಹಳ್ಳಿಯಿಂದ ನಾವಿಬ್ಬರೂ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದವರು. ಬಾಡಿಗೆ ಕೋಣೆಯಲ್ಲಿ ಅವನೊಂದು ಗಾಜಿನ ತೊಟ್ಟಿ ಇಟ್ಟಿದ್ದ. ಕ್ಯಾಟ್‌ಫಿಶ್ ಎನ್ನುವ ಪುಟ್ಟ ಮೀಸೆಯ ಮೀನುಗಳು ತಳದ ಮರಳಿಗೆ ಮೂತಿ ತೂರಿಸಿ ಓಡಾಡುತ್ತಿದ್ದವು. ಹುಣಸೆಹಣ್ಣಿನಿಂದ ಉಜ್ಜಿದ ತಾಮ್ರದ ಚೊಂಬಿನಂಥ ಮೈ, ಪಕ್ಕೆಯಲ್ಲಿ ಹಸಿರು ಹೊಳಪು.

ಹೊಲಿಗೆ ಯೂನಿಟ್ಟಿನಲ್ಲಿ ಕೆಲಸ ಕಡಿಮೆಯಾದಾಗ ಅವನು ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೊರಟ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹೊರಡುವಾಗ ಹೇಳಿದ್ದೂ ಮೀನಿನ ಮಾತೇ.

“ಮುಳುಗೋ ಕಾಳೇ ಹಾಕಕ್ಕಾ, ಇವು ತಳದಾಗೆ ತಿಂಬೋವು. ಆಗಾಗ ಸೊಪ್ಪು ಬೇಯ್ಸಿ ಹಾಕು. ನಲ್ಲಿ ನೀರು ಒಂದಿನ ಬಕೆಟ್‌ನಾಗೆ ಬಿಟ್ಟು ಆಮೇಲೆ ಹುಯ್ಯಿ. ಪೂರ್ತಿ ಬದಲಾಯಿಸ್ಬ್ಯಾಡ, ಬಣ್ಣ ಹೋಗ್ತೈತೆ.”

“ನಂಗ್ಯಾರು ಹಾಕ್ತಾರೋ ಊಟ?” ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಕೆಲಸ ಮುಗಿಸಿ ಬಂದರೆ ಕೋಣೆಯಲ್ಲಿ ತೊಟ್ಟಿಯ ನೀರಿಗೆ ಗಾಳಿಯೂದುವ ಮೋಟಾರಿನ ಗುಳುಗುಳು ಒಂದೇ. ತನ್ನ ಬದಲಿಗೆ ಇದನ್ನು ಬಿಟ್ಟುಹೋದನೇ ಅನ್ನಿಸಿ ಸ್ವಿಚ್ಚು ಆರಿಸಿಬಿಡುತ್ತಿದ್ದೆ. ಕಾಳು ಮುಗಿದ ಮೇಲೆ ತರಲಿಲ್ಲ. ತಟ್ಟೆಯಲ್ಲಿ ಉಳಿದ ಮಂಡಕ್ಕಿಯನ್ನು ಉದುರಿಸುತ್ತಿದ್ದೆ. ಅದು ಮೇಲೆ ತೇಲಿ ಹುಳಿಯಾಗುತ್ತಿತ್ತು, ಮೀನುಗಳು ಕೆಳಗೆ ಬರಿಯ ಮರಳು ಕೆದಕುತ್ತಿದ್ದವು. ನಲ್ಲಿ ಬಿಡುವ ದಿನ ನಮ್ಮಲ್ಲಿ ಹಳೇ ನೀರನ್ನೆಲ್ಲ ಚೆಲ್ಲಿ, ಕೊಡ ಬೆಳಗಿ ಹೊಸ ನೀರು ತುಂಬುತ್ತೇವೆ. ತೊಟ್ಟಿಗೂ ಹಾಗೇ ಮಾಡಿದೆ. ಬ್ಲೀಚಿಂಗ್ ಪೌಡರ್ ವಾಸನೆಯ ನೀರು. ಅವನ ಮಾತು ನೆನಪಿತ್ತು. ಆದರೂ ಸುರಿದೆ.

ಮೊದಲು ಹಸಿರು ಹೋಯಿತು. ಆಮೇಲೆ ತಾಮ್ರವೂ ಹೋಗಿ, ಬೂದಿ ಬಣ್ಣ ಉಳಿಯಿತು.

ಮನೆ ಒಡತಿ ಇಣುಕಿ, “ಏನವ್ವಾ, ಮೀನನ್ನೂ ಜೀನ್ಸಿನಂಗ ವಾಷಿಂಗಿಗೆ ಕೊಟ್ಟಿಯೇನು? ಬಣ್ಣಾನ ಇಲ್ಲಲ್ಲ!” ಎಂದರು.

“ಹೌದ್ರಿ, ಈಗ ಮಸುಕಾಗಿದ್ದಕ್ಕೇ ರೇಟ್ ಜಾಸ್ತಿರಿ” ಎಂದು ನಾನೂ ನಕ್ಕೆ. ಅದೇ ವಾರ ಒಂದು ಮೀನು ಸತ್ತಿತು. ಚರಂಡಿಗೆ ಎಸೆದೆ.

ತಿರುಪ್ಪೂರಿನಲ್ಲಿ ಅವನಿಗೆ ಮಾತಾಡಲು ಕನ್ನಡದವರೂ ಸಿಗುತ್ತಿರಲಿಲ್ಲ, ತೆಲುಗಿನವರೂ ಸಿಗುತ್ತಿರಲಿಲ್ಲ. ಭಾನುವಾರ ಫೋನು ಮಾಡಿದರೆ ಮೊದಲ ಮಾತೇ, “ಬಣ್ಣ ಹೆಂಗೈತಕ್ಕಾ?”

“ಮಿಂಚ್ತಾವೆ ಕಣೋ.”

ಆಮೇಲೆ ಇಬ್ಬರಿಗೂ ಹೆಚ್ಚು ಮಾತು ಇರುತ್ತಿರಲಿಲ್ಲ. ಆದರೂ ಅವನು ಫೋನು ಇಡುತ್ತಿರಲಿಲ್ಲ.

ಯುಗಾದಿಗೆ ಬಂದವನು ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ಕೂತ. ಮೀನುಗಳನ್ನು ಎಣಿಸಿ, “ಇನ್ನೊಂದೆಲ್ಲಿ?” ಎಂದ. ನಾನು ಹೊರಗಿನ ಚರಂಡಿಯ ಕಡೆ ಕೈ ತೋರಿಸಿದೆ.

“ಹೇಳ್ಬೋದಿತ್ತಲ್ಲಕ್ಕಾ. ಭಾಷೆ ಬರ್ದಿದ್ರೂ ಅಲ್ಲಿ ರೂಮಿನೋರಿಗೆ ಕೈ ಸನ್ನೆ ಮಾಡಿ ಹೇಳ್ತಿದ್ದೆ, ನಮ್ಮನೇಲಿ ಇಂಥಾ ಮೀನು ಅವೆ ಅಂತ.”

ಬೈಯಲಿಲ್ಲ. ಎದ್ದು ಬಕೆಟ್ಟಿಗೆ ನೀರು ಹಿಡಿದು, ನಾಳೆಗಾಗಿ ಮೂಲೆಯಲ್ಲಿಟ್ಟ. ಬೈದಿದ್ದರೆ ನಾನೂ ತಿರುಗಿ ಬೈದು ಮುಗಿಸುತ್ತಿದ್ದೆನೇನೋ. ತೊಟ್ಟಿಯ ಗಾಜು ಒರೆಸುತ್ತಿದ್ದ ಅವನ ಹಿಂದೆ ನಿಂತು ಹೇಳಿದೆ:

“ತಪ್ಪಾಯ್ತು ಕಣಪ್ಪಾ. ನೀನು ನನ್ನ ಬಿಟ್ಟೋದ ಸಿಟ್ನ ಇವುಗಳ ಮ್ಯಾಲೆ ತೀರಿಸ್ಕೊಂಡೆ. ನಿಂಗೆ ಸುಳ್ಳೂ ಹೇಳ್ದೆ. ತಪ್ಪಾಯ್ತು.”