ರೀಮ್ ಕದಲಲಿಲ್ಲ

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ಬಹರೈನಿನ ಹಮಲಾದ ಒಂದು ಖಾಸಗಿ ಕೆನಲ್‌ನಲ್ಲಿ, ಅಂದರೆ ನಾಯಿಗಳ ತಳಿ ಬೆಳೆಸಿ ತರಬೇತಿ ಕೊಡುವ ಜಾಗದಲ್ಲಿ, ಮ್ಯಾನೇಜರ್ ಆಗಿದ್ದೆ. ಮಂಗಳೂರಿನ ಪಶು ಚಿಕಿತ್ಸಾಲಯವೊಂದರಲ್ಲಿ ಕೆಲಸ ಕಲಿತು ಈ ದ್ವೀಪಕ್ಕೆ ಬಂದವಳು ನಾನು. ಮನೆ ಉಮ್ ಅಲ್ ಹಸ್ಸಮ್ ಎಂಬ ಬಡಾವಣೆಯಲ್ಲಿ. ಊರಿಗೆ ಹೋದಾಗ ನೆಂಟರು "ಬಹರೈನಲ್ಲಿ ಎಂತ ಕೆಲಸ?" ಎಂದು ಕೇಳಿದರೆ "ನಾಯಿ ಸಾಕುವುದು" ಎನ್ನುತ್ತಿದ್ದೆ. ಅವರ ಮುಖ ಸಣ್ಣದಾದರೆ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದೆ.

ನಮ್ಮಲ್ಲಿದ್ದವು ಪಾಯಿಂಟರ್ ನಾಯಿಗಳು. ಹಕ್ಕಿಯ ವಾಸನೆ ಸಿಕ್ಕಿದ ಕೂಡಲೇ ಇವು ಬೊಗಳುವುದಿಲ್ಲ, ಮೇಲೆ ಬೀಳುವುದೂ ಇಲ್ಲ. ಒಂದು ಮುಂಗಾಲು ಮಡಚಿ, ಮೂಗನ್ನು ಹಕ್ಕಿಯತ್ತ ಚಾಚಿ ಕಲ್ಲಿನಂತೆ ನಿಲ್ಲುತ್ತವೆ. ಇದಕ್ಕೆ ಪಾಯಿಂಟ್ ಎನ್ನುತ್ತಾರೆ. ಫೀಲ್ಡ್ ಟ್ರಯಲ್ ಎಂದರೆ ಈ ಗುಣದ ಪರೀಕ್ಷೆ. ಹೊಲದಲ್ಲಿ ಸಾಕಿದ ಲಾವಕ್ಕಿಗಳನ್ನು ಬಿಟ್ಟಿರುತ್ತಾರೆ. ನಾಯಿ ಪಾಯಿಂಟ್ ಮಾಡಿದ ಮೇಲೆ ಅದನ್ನು ನಡೆಸುವವರು ಹಕ್ಕಿಯನ್ನು ಎಬ್ಬಿಸಬೇಕು. ಹಕ್ಕಿ ಹಾರುವಾಗ ಪಿಸ್ತೂಲಿನಿಂದ ಬರೀ ಸದ್ದಿನ ಗುಂಡು ಹಾರಿಸುತ್ತಾರೆ. ಹಕ್ಕಿಗೆ ಏನೂ ಆಗುವುದಿಲ್ಲ, ಆದರೆ ಆ ಸದ್ದಿಗೆ ನಾಯಿ ಕದಲಬಾರದು.

ರೀಮ್ ನಾನೇ ಜೋಡಿ ಆರಿಸಿ ಹುಟ್ಟಿಸಿದ ಮರಿ. ತಾಯಿಯ ಮೂಗು, ತಂದೆಯ ಓಟ ಎರಡೂ ಅವಳಿಗೆ ಬಂದಿದ್ದವು. ಅವಳಿನ್ನೂ ಚಿಕ್ಕವಳಿದ್ದಾಗ ಪಕ್ಕದ ತೋಟದ ಮದುವೆಯವರು ಅವಳ ಗೂಡಿಗೆ ತಾಗಿದ ಗೋಡೆಯ ಬುಡದಲ್ಲೇ ಪಟಾಕಿ ಹಚ್ಚಿದರು. ಅಲ್ಲಿಂದ ಮುಂದೆ ಬಾಗಿಲು ಧಡ್ ಎಂದರೂ ಸಾಕು, ನೀರಿನ ಟ್ಯಾಂಕಿನ ಅಡಿಗೆ ನುಗ್ಗಿ ನಡುಗುತ್ತಿದ್ದಳು.

ಕೆನಲ್‌ನ ಮಾಲೀಕರನ್ನು ಎಲ್ಲರೂ ಅಬು ಖಾಲಿದ್ ಎನ್ನುತ್ತಿದ್ದರು. ನಾಯಿಗಳೆಂದರೆ ಜೀವ, ತಾಳ್ಮೆ ಮಾತ್ರ ಕಡಿಮೆ. ಅವರು ಹೊರದೇಶದಿಂದ ಒಬ್ಬ ಹೆಸರಾಂತ ಟ್ರೇನರ್‌ನನ್ನು ಕರೆಸಿದರು. ಆತ ರೀಮ್‌ಳನ್ನು ನೋಡಿ, ಈ ಭಯ ರಕ್ತದಲ್ಲೇ ಇದೆ, ಒಂದೋ ಕುತ್ತಿಗೆಗೆ ಶಾಕ್ ಕೊಡುವ ಪಟ್ಟಿ ಕಟ್ಟಿ ದಾರಿಗೆ ತರಬೇಕು, ಇಲ್ಲವೇ ತಾಯಿ ಮಗಳಿಬ್ಬರಿಗೂ ಆಪರೇಷನ್ ಮಾಡಿಸಿ ಈ ಸಂತಾನವನ್ನೇ ನಿಲ್ಲಿಸಬೇಕು ಎಂದ.

"ರಕ್ತದಲ್ಲಿದ್ದರೆ ಇವಳ ಒಡಹುಟ್ಟಿದವು ಯಾಕೆ ಹೆದರುವುದಿಲ್ಲ?" ಎಂದು ಕೇಳಿದೆ.

ಅಬು ಖಾಲಿದ್ ಹಿಂದಿಯಲ್ಲಿ, "ಶೋಭಾ, ಇವರು ದೊಡ್ಡ ಟ್ರೇನರ್. ಖಲಾಸ್, ಮಾತು ಮುಗಿಯಿತು" ಎಂದರು.

"ನನ್ನದು ಮುಗಿದಿಲ್ಲ. ಆ ಪಟ್ಟಿ ಇವಳ ಕುತ್ತಿಗೆಗೆ ಬೀಳುವುದಾದರೆ ಮೊದಲು ನನ್ನ ವೀಸಾ ಕ್ಯಾನ್ಸಲ್ ಮಾಡಿಸಿ."

ಅವರು ಟ್ರೇನರ್‌ಗೆ ಕಾಯಲು ಸನ್ನೆ ಮಾಡಿ ನನ್ನತ್ತ ತಿರುಗಿದರು. "ಟ್ರಯಲ್ ತನಕ ಸಮಯ. ಅಲ್ಲಿ ಅವಳು ಹೆದರಿ ಓಡಿದರೆ ಅವಳೂ ಇಲ್ಲ, ನೀನೂ ಇಲ್ಲ."

ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿರ್ವದ ರೊನಾಲ್ಡ್ ತಲೆಯ ಮೇಲೆ ಕೈಹೊತ್ತು ಕೂತ. "ಎಂತ ಶೋಭಕ್ಕ, ನಿಮ್ಮ ಮಂಡೆ ಸಮ ಉಂಟಾ? ನಾಯಿಗೋಸ್ಕರ ವೀಸಾ ಬಿಡುವುದಾ?"

"ಸಮ ಇದ್ದದ್ದಕ್ಕೇ ಹೇಳಿದ್ದು. ನಾಳೆಯಿಂದ ಅವಳ ಊಟದ ಹೊತ್ತಿಗೆ ನೀನು ಆ ದೂರದ ಗೇಟಿನ ಹತ್ತಿರ ನಿಂತು ಬಟ್ಟಲು ಬಡಿ."

ಆ ಚಳಿಗಾಲವಿಡೀ ನಮಗೆ ಅದೇ ಕೆಲಸ. ರೀಮ್ ಬಾಲ ಆಡಿಸಿಕೊಂಡು ಉಂಡರೆ ಮರುದಿನ ರೊನಾಲ್ಡ್ ಸ್ವಲ್ಪ ಹತ್ತಿರ ಬರುತ್ತಿದ್ದ, ಕಿವಿ ಮಡಚಿದರೆ ಹಿಂದಕ್ಕೆ. ಬಟ್ಟಲಿಗೆ ಒಗ್ಗಿದ ಮೇಲೆ ಹಕ್ಕಿ ಹಾರಿಸುವಾಗ ಎರಡು ಹಲಗೆಗಳನ್ನು ಬಡಿಯತೊಡಗಿದೆವು. ಪಿಸ್ತೂಲು ಇಟ್ಟುಕೊಳ್ಳಲು ನಮಗೆ ಅನುಮತಿ ಇರಲಿಲ್ಲ. ಹಾಗಾಗಿ ನಿಜವಾದ ಗುಂಡಿನ ಸದ್ದನ್ನು ಅವಳು ಮೊದಲು ಕೇಳುವುದು ಟ್ರಯಲ್ ದಿನವೇ. ಅವಳಿಗೆ ನಾನು ಕಲಿಸಿದ ಆಜ್ಞೆ "ನಿಲ್ಲು". ಇಂಗ್ಲಿಷಿನಲ್ಲಿ ಕಲಿಸು, ಮುಂದೆ ಯಾರಿಗಾದರೂ ಕೊಡುವಾಗ ಬೇಕಾಗುತ್ತದೆ ಎಂದು ಅಬು ಖಾಲಿದ್ ಹೇಳಿದರು. ಕೊಂಡುಹೋಗುವವರು ಕನ್ನಡ ಕಲಿಯಲಿ ಎಂದೆ.

ಟ್ರಯಲ್ ನಡೆದದ್ದು ದನದ ಮೇವು ಬೆಳೆಯುವ ಒಂದು ದೊಡ್ಡ ಹೊಲದಲ್ಲಿ. ರೀಮ್ ಗಾಳಿಗೆ ಅಡ್ಡವಾಗಿ ಆ ಬದಿಯಿಂದ ಈ ಬದಿಗೆ ಓಡುತ್ತ ಹೊಲವನ್ನೆಲ್ಲ ಜಾಲಾಡಿದಳು. ಬದುವಿನ ಒಣಹುಲ್ಲಿನ ಹತ್ತಿರ ಬಂದವಳು ತಟ್ಟನೆ ನಿಂತಳು. ಒಳ್ಳೆಯ ಪಾಯಿಂಟ್. ನಾನು ಹುಲ್ಲಿಗೆ ಒದ್ದೆ. ಏನೂ ಏಳಲಿಲ್ಲ. ಸುತ್ತ ಬಂದು ಮತ್ತೆ ಒದ್ದೆ. ಆಗಲೂ ಇಲ್ಲ.

"ಅಲ್ಲಿ ಹಕ್ಕಿ ಇಲ್ಲ. ನಾಯಿಯನ್ನು ಮುಂದಕ್ಕೆ ಕರೆಯಿರಿ," ಎಂದು ತೀರ್ಪುಗಾರರು ಇಂಗ್ಲಿಷಿನಲ್ಲಿ ಹೇಳಿದರು. ಕರೆದರೆ ಅದು ಸುಳ್ಳು ಪಾಯಿಂಟ್ ಎಂದು ನಾನೇ ಒಪ್ಪಿಕೊಂಡಂತೆ. ಹೊಲದಂಚಿನಿಂದ ಅಬು ಖಾಲಿದ್ "ಯಲ್ಲಾ ಶೋಭಾ, ಬೇಗ, ಅವಳನ್ನು ಕರೆ!" ಎಂದು ಕೂಗಿದರು.

ನಾನು ರೀಮ್‌ಳನ್ನು ನೋಡಿದೆ. ಅವಳ ಭಯ ಹೇಗಿರುತ್ತದೆಂದು ನನಗೆ ಗೊತ್ತಿತ್ತು: ಹೊಟ್ಟೆ ನೆಲಕ್ಕೆ, ಬಾಲ ಕಾಲಸಂದಿಗೆ. ಈಗ ಬಾಲ ನೆಟ್ಟಗಿತ್ತು. ನನ್ನತ್ತ ಅವಳು ಕಣ್ಣು ಕೂಡ ಹೊರಳಿಸಲಿಲ್ಲ.

"ಇವಳು ಸುಳ್ಳು ಹೇಳುತ್ತಿಲ್ಲ ಸರ್. ನಾನು ಕರೆಯುವುದಿಲ್ಲ."

"ಕರೆಯದಿದ್ದರೆ ಸ್ಪರ್ಧೆಯಿಂದ ಹೊರಗೆ."

"ಆಗಲಿ."

ಮಂಡಿಯೂರಿ ಹುಲ್ಲನ್ನು ಕೈಯಿಂದ ಸರಿಸಿದೆ. ಅಡಿಯಲ್ಲಿ ನೀರಾವರಿಯ ಒಡೆದ ಪೈಪೊಂದು ಬಿದ್ದಿತ್ತು. ಒಂದು ತುದಿ ಹಿಡಿದು ಎತ್ತುತ್ತಿದ್ದಂತೆ ಇನ್ನೊಂದು ತುದಿಯಿಂದ ಲಾವಕ್ಕಿ ಭರ್ರನೆ ಹಾರಿತು. ಪಿಸ್ತೂಲು ಹಿಡಿದಿದ್ದವರು ಅಭ್ಯಾಸಬಲದಿಂದ ಗುಂಡು ಹಾರಿಸಿಯೇಬಿಟ್ಟರು. "ನಿಲ್ಲು" ಎನ್ನಲು ನನಗೆ ಸಮಯವೇ ಸಿಗಲಿಲ್ಲ. ರೀಮ್‌ಳ ಬೆನ್ನಿನ ಚರ್ಮ ಒಮ್ಮೆ ಅದುರಿತು. ಕಾಲುಗಳು ನೆಲ ಬಿಡಲಿಲ್ಲ. ಹಾರಿಹೋದ ಹಕ್ಕಿಯನ್ನೇ ನೋಡುತ್ತ ನಿಂತಿದ್ದಳು.

"ನಿಯಮ ನಿಯಮವೇ. ನೀವು ನನ್ನ ಸೂಚನೆ ಮೀರಿದ್ದೀರಿ," ಎಂದರು ತೀರ್ಪುಗಾರರು.

"ಹೊರಗೆ ಹಾಕಿ ಸರ್. ಹಕ್ಕಿ ಇತ್ತು ಎಂಬುದನ್ನೂ ಎಲ್ಲರಿಗೆ ಕೇಳುವಂತೆ ಹೇಳಿ."

ಅವರು ಜನರ ಕಡೆ ತಿರುಗಿ, "ಹಕ್ಕಿ ಇತ್ತು. ಗುಂಡಿಗೂ ನಾಯಿ ಕದಲಲಿಲ್ಲ," ಎಂದು ದೊಡ್ಡದಾಗಿ ಹೇಳಿದರು. ಅದಾದ ಮೇಲೆ ನಮ್ಮಿಬ್ಬರನ್ನೂ ಹೊರಗೆ ಹಾಕಿದರು.

ವಾಪಸು ಬರುವಾಗ ಅಬು ಖಾಲಿದ್ ತಾವೇ ಗಾಡಿ ಓಡಿಸಿದರು. ಕೆನಲ್‌ನ ಗೇಟು ಬಂದ ಮೇಲೆ, "ಹೇಳಿದ ಮಾತು ಕೇಳಿದ್ದರೆ ಇನ್ನೊಂದು ಹಕ್ಕಿ ಸಿಕ್ಕಿ ಕಪ್ ಬರುತ್ತಿತ್ತೋ ಏನೋ," ಎಂದರು.

"ಬರುತ್ತಿತ್ತೋ ಏನೋ. ರೀಮ್ ಸುಳ್ಳುಗಾರ್ತಿ ಎಂದು ಹೇಳಿಸಿಕೊಂಡು ಬರುವ ಕಪ್ ನನಗೆ ಬೇಡ."

ಅವರು ಎಂಜಿನ್ ಆರಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ರೀಮ್‌ಳನ್ನು ತಿರುಗಿ ನೋಡಿದರು. "ಇವಳಿಗೆ ಜೋಡಿ ಯಾವುದು ಮಾಡೋಣ?"

ಟ್ರೇನರ್ ಆಗಲೇ ತನ್ನ ದೇಶಕ್ಕೆ ಹೊರಟುಹೋಗಿದ್ದ. ನಾನು ಈಗಲೂ ಅದೇ ಕೆನಲ್‌ನಲ್ಲಿದ್ದೇನೆ. ಪ್ರಾಣಿ ಹೇಳುವುದು ಮನುಷ್ಯರಿಗೆ ಕೇಳಿಸದಿದ್ದಾಗ ಅದರ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳುವುದೂ ನನ್ನ ಕೆಲಸದ ಭಾಗವೇ ಎಂದು ಈ ವೃತ್ತಿ ನನಗೆ ಕಲಿಸಿತು. ಎದುರಿಗಿದ್ದವರಿಗೆ ಅದು ಹಿಡಿಸದಿದ್ದರೆ, ಆ ಚಿಂತೆ ಅವರದು.