ಹೆಸರುಬೇಳೆಯ ಬಿಸಿಬೇಳೆ ಬಾತ್

ಸಹೋದ್ಯೋಗಿಗಳು ತಮಗೆ ಗೊತ್ತಿದ್ದನ್ನು ಹಂಚಿಕೊಳ್ಳಲೆಂದು ನಾನು ಕಟ್ಟಿದ್ದ ಆನ್‌ಲೈನ್ ವೇದಿಕೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಚರ್ಚೆ ಶುರುವಾಗದಿದ್ದರೆ ಮುಚ್ಚಿಸುತ್ತೇನೆ ಎಂದು ಮ್ಯಾನೇಜರ್ ಹೇಳಿದ್ದರು. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ನನ್ನ ಪಕ್ಕ ಕೂತ ಆಂಟಿಯ ಅಡುಗೆ ಗ್ರೂಪು ಮಾತ್ರ ಒಂದೇ ಸಮನೆ ಟಿಂಗ್ ಟಿಂಗ್ ಎನ್ನುತ್ತಿತ್ತು. ನನಗೆ ಹೊಟ್ಟೆ ಉರಿಯಿತು.

"ಇಷ್ಟೊಂದು ಜನ ಹೇಗೆ ಮಾತಾಡ್ತಾರೆ ಆಂಟಿ?"

"ಪ್ರಶ್ನೆ ಕೇಳಿದ್ರೆ ಒಬ್ರೂ ಉತ್ತರ ಕೊಡಲ್ಲ. ಬಿಸಿಬೇಳೆ ಬಾತಿಗೆ ಹೆಸರುಬೇಳೆ ಹಾಕ್ತೀನಿ ಅಂತ ಬರೆದೆ. ನೋಡಪ್ಪ, ಇಡೀ ವಿಜಯನಗರ ತಿದ್ದೋಕೆ ಬಂದಿದೆ!"

ಆಫೀಸಿಗೆ ಹೋದವನೇ ನಮ್ಮ ವೇದಿಕೆಯಲ್ಲಿ, "ಫೈಲುಗಳ ಬ್ಯಾಕಪ್ ವರ್ಷಕ್ಕೊಮ್ಮೆ ತೆಗೆದರೆ ಸಾಕು" ಎಂದು ಬರೆದು ಕಾದೆ. ಒಬ್ಬರೂ ತಿದ್ದಲಿಲ್ಲ. ಮ್ಯಾನೇಜರ್ ಒಳ್ಳೆಯ ಸಲಹೆ ಎಂದು ಹೊಗಳಿ ಅಂದೇ ಜಾರಿಗೆ ತಂದರು. ಚರ್ಚೆ ಇಲ್ಲವೆಂದು ವೇದಿಕೆಯನ್ನೂ ಮುಚ್ಚಿಸಿದರು. ಜಗಳಕ್ಕೆ ಬರುವ ಜನ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.